ಬೋರಣ್ಣನ ತಾಮ್ರದ ಗೆರೆ

ಹಡಗು ಹತ್ತಿದ ಕೂಡಲೇ ಬೋರಣ್ಣ ಮೈಮೇಲಿನ ಲೋಹವನ್ನೆಲ್ಲ ಕಳಚಿಡುತ್ತಿದ್ದ: ಉಂಗುರ, ಗಡಿಯಾರ, ಬೆಲ್ಟು, ಕೊನೆಗೆ ಉಡಿದಾರದ ಬೆಳ್ಳಿ ತಾಯತವನ್ನೂ. ಪ್ಯಾಂಟಿಗೆ ಲಾಡಿ ಕಟ್ಟಿಕೊಂಡು ಓಡಾಡುವ ಎಂಜಿನಿಯರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವನು ಬೆಳಗೊಳದ ಒಕ್ಕಲು ಮನೆಯವನು, ನಾನು ಪಾಂಡವಪುರದವನು. ತೊಂಬತ್ತರ ದಶಕದಲ್ಲಿ ಇಬ್ಬರೂ ಒಂದೇ ಸಂಶೋಧನಾ ಹಡಗಿನಲ್ಲಿದ್ದೆವು. ಕಡಲ ನೀರಿನಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ತಾಮ್ರ, ಸತು ಇರುತ್ತದೆ. ಬಾಟಲಿಯಲ್ಲಿ ಹಿಡಿದು ದಡಕ್ಕೆ ತಂದು ಅಳೆಯುವಷ್ಟರಲ್ಲಿ ಹತ್ತು ಕೈಯ ಕೊಳೆ ಸೇರಿರುತ್ತಿತ್ತು. ಬೋರಣ್ಣ ಕಟ್ಟಿದ ಯಂತ್ರ ಕೊಳವೆಯಿಂದ ತಾನೇ ನೀರು ಹೀರಿ, ತಾನೇ ಅಳೆದು, ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು; ಲೋಹ ಹೆಚ್ಚಿದ್ದರೆ ಗೆರೆ ಮೇಲೇರುತ್ತಿತ್ತು. "ಮನ್ಸನ ಕೈ ಸೋಕ್ಬಾರ್ದು ಕಣ್ಲಾ, ಸೋಕುದ್ರೆ ಕೆಡ್ತು" ಎನ್ನುತ್ತಿದ್ದ.

ಮೊದಲ ಯಾನದಲ್ಲೇ ಯಂತ್ರ ಕೈಕೊಟ್ಟಿತು. ಹಡಗು ನಿಂತು ಅಳತೆ ಶುರುವಾದಾಗಲೆಲ್ಲ ತಾಮ್ರದ ಗೆರೆ ನೆಗೆದುಬಿಡುತ್ತಿತ್ತು. "ನಾಳೆಯೂ ಹೀಗಾದರೆ ಬಿಚ್ಚಿಡಿ" ಎಂದರು ಯಾನದ ಮುಖ್ಯಸ್ಥರು. ಮದುವೆಯನ್ನೂ ಮುಂದಕ್ಕೆ ಹಾಕಿ ಕಟ್ಟಿದ ಯಂತ್ರವದು. ಬೋರಣ್ಣ ಊಟ ಬಿಟ್ಟ, ಕೊಳವೆಗಳನ್ನೆಲ್ಲ ಬಿಚ್ಚಿ ತೊಳೆದ.

ನಮ್ಮ ಕಡೆ ಪಂಪ್‌ಸೆಟ್ಟು ಚಾಲೂ ಮಾಡುವಾಗ ಗಂಗಮ್ಮನಿಗೆ ನೀರು ಬಿಟ್ಟು ಕೈಮುಗಿಯುವುದುಂಟು. ಬೋರಣ್ಣ ಹಡಗಿನಲ್ಲೂ ಪ್ರತಿ ಸಲ ಯಂತ್ರ ಚಾಲೂ ಮಾಡುವಾಗ ಅದನ್ನು ತಪ್ಪಿಸಿದವನಲ್ಲ. ಮರುದಿನ ಬೆಳಿಗ್ಗೆಯೂ ಯಂತ್ರದ ಕೊಳವೆ ಕಡಲಿಗೆ ಇಳಿದಿದ್ದ ಕಡೆಗೇ ಬಗ್ಗಿ, ಊರಿಂದ ತಂದ ಚೊಂಬಿನಲ್ಲಿ ನೀರು ಬಿಟ್ಟು, "ಗಂಗವ್ವ, ಇವತ್ತಾರಾ ಕೈ ಹಿಡಿಯವ್ವ" ಎಂದ. ಆಮೇಲೆ ಚೊಂಬನ್ನು ನೋಡುತ್ತ ಹಾಗೇ ನಿಂತುಬಿಟ್ಟ. ತಾಮ್ರದ ಚೊಂಬು! ರಾತ್ರಿಯೆಲ್ಲ ಅದರಲ್ಲೇ ಇಟ್ಟ ನೀರು! ದೀಪದ ಬುಡದಲ್ಲೇ ಕತ್ತಲು. ದೇವರ ಚೊಂಬೂ ಲೋಹವೇ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಚೊಂಬನ್ನು ಪೆಟ್ಟಿಗೆಗೆ ಸೇರಿಸಿ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೋರಣ್ಣ ಮುಖ್ಯಸ್ಥರನ್ನೇ ಕರೆತಂದ. "ತಪ್ಪು ನಂದು ಸಾ, ಮಿಸಿನ್ದಲ್ಲ. ನೋಡಿ ಬೇಕಾದ್ರೆ" ಎಂದು, ಗೆರೆ ಇಳಿಯುವವರೆಗೆ ಕಾದು, ಚೊಂಬಿನಲ್ಲಿ ಉಳಿದ ನೀರನ್ನೂ ಅಲ್ಲೇ ಸುರಿದ. ಸ್ವಲ್ಪ ಹೊತ್ತಿಗೆ ಗೆರೆ ಮತ್ತೆ ಎದ್ದಿತು.

"ಇಷ್ಟನ್ನೂ ಹಿಡಿಯುತ್ತದೇನಯ್ಯ!" ಎಂದರು ಮುಖ್ಯಸ್ಥರು. ಯಂತ್ರ ಉಳಿಯಿತು. ಗಂಗಮ್ಮನ ಪೂಜೆಯೂ ಉಳಿಯಿತು, ಹಡಗಿನ ಆಚೆ ಬದಿಯಲ್ಲಿ, ಪ್ಲಾಸ್ಟಿಕ್ ಮಗ್ಗಿನಲ್ಲಿ. ಅಂದು ಅವನ ಮೇಲೆ ಹುಟ್ಟಿದ ಗೌರವ ನನಗೆ ಇಂದಿಗೂ ಕಡಿಮೆಯಾಗಿಲ್ಲ.

ಕೊನೆಯ ಸಲ ಅವನನ್ನು ಕಂಡದ್ದು ಬೆಳಗೊಳದ ಮನೆಯ ಜಗಲಿಯಲ್ಲಿ. ಕಾಯಿಲೆ ಅವನನ್ನು ಅರ್ಧ ಮಾಡಿತ್ತು.

"ಮಿಸಿನ್ ತಾವ ಯಾರ್ ಕೂತ್ಕೋತಾವ್ರೆ ಈಗ?" ಎಂದ.

ಯಾರೂ ಇಲ್ಲ, ಗುಂಡಿ ಒತ್ತಿದರೆ ಯಾನ ಮುಗಿಯುವವರೆಗೆ ಅದರ ಪಾಡಿಗೆ ಅದು ಅಳೆಯುತ್ತದೆ, ಕುರ್ಚಿಯನ್ನೂ ತೆಗೆದುಬಿಟ್ಟಿದ್ದಾರೆ ಎಂದೆ. ಹೇಳಿ ನಾಲಿಗೆ ಕಚ್ಚಿಕೊಂಡೆ.

ಬೋರಣ್ಣನ ಮುಖ ಅರಳಿತು. "ಕುರ್ಚಿನೂ ತೆಗ್ದ್ರಾ? ಅಂಗಾರೆ ಗೆದ್ದೆ ಬುಡ್ಲಾ!"