ಊರಿಗೆ ಬಂದೂ ಮನೆ ಸೇರದ ವಾರ

ಬೆಳಗಾವಿಯ ಟಿಳಕವಾಡಿಯ ಚಂದ್ರವ್ವನ ಮಗಳು ನೇತ್ರಾ ಥೈಲ್ಯಾಂಡಿನ ಖೋನ್ ಕೇನ್ ಎಂಬ ಊರಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಓದಿದ್ದು ಕನ್ನಡ ಶಾಲೆಯಲ್ಲಿ. ಶಹಾಪುರದ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ತಂದೆ ಚನ್ನಬಸಯ್ಯ ರಾತ್ರಿ ಊಟವಾದ ಮೇಲೆ ಇಂಗ್ಲಿಷ್ ಪೇಪರು ಹಿಡಿದು ಕೂತು, ತನಗೂ ಸರಿಯಾಗಿ ತಿಳಿಯದ ಶಬ್ದಗಳನ್ನು ಮಗಳಿಂದ ಗಟ್ಟಿಯಾಗಿ ಓದಿಸುತ್ತಿದ್ದ. ಆ ಓದೇ ಅವಳನ್ನು ಮೊದಲು ಬೆಳಗಾವಿಯದೇ ಶಾಲೆಯೊಂದಕ್ಕೆ ಶಿಕ್ಷಕಿಯಾಗಿ, ಆಮೇಲೆ, ತಂದೆ ತೀರಿಕೊಂಡ ಮರುವರ್ಷ, ಸಮುದ್ರದಾಚೆಗೆ ಕರೆದೊಯ್ದಿತು. ಮದುವೆಯಾಗಲಿಲ್ಲ. ಆಗಬೇಕೆಂದು ಅವಳಿಗೂ ಅಷ್ಟಾಗಿ ಅನಿಸಲಿಲ್ಲ.

ಅಲ್ಲಿ ಮಕ್ಕಳಿಗೆ ಬೇಸಿಗೆ ರಜೆ ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ; ಮಾಸ್ತರರಿಗೆ ಪರೀಕ್ಷೆಯ ಕೆಲಸ ಮುಗಿದು ಏಪ್ರಿಲ್ ಹೊತ್ತಿಗೆ ಬಿಡುವು. ಫೆಬ್ರವರಿ ಬಂತೆಂದರೆ ಶಿಕ್ಷಕರ ಕೋಣೆಯಲ್ಲಿ ಬೇರೆ ಮಾತೇ ಇರುವುದಿಲ್ಲ. ದೇಶದೇಶಗಳಿಂದ ಬಂದ ಇಂಗ್ಲಿಷ್ ಮಾಸ್ತರರು ನಕಾಶೆ ಹಾಸಿಕೊಂಡು ಕೂಡುತ್ತಾರೆ. ಒಬ್ಬ ವಿಯೆಟ್ನಾಮಿಗೆ ಸೈಕಲ್ ಮೇಲೆ ಹೋಗುವವನು, ಇನ್ನೊಬ್ಬಳು ನೇಪಾಳದ ಗುಡ್ಡ ಹತ್ತುವವಳು. "ನೇತ್ರಾ, ನೀನು ಎಲ್ಲಿಗೆ?" ಎಂದು ಕೇಳಿದರೆ ಅವಳದು ಪ್ರತಿವರ್ಷ ಒಂದೇ ಉತ್ತರ: ಮನೆಗೆ.

ಮನೆ ಎಂದರೆ ಪ್ರೀತಿಯೇ. ಆದರೆ ಆ ಪ್ರೀತಿಯಲ್ಲಿ ಮಲಗಲು ಜಾಗವಿರಲಿಲ್ಲ. ಅವಳು ಬಂದ ಸುದ್ದಿ ತಿಳಿದ ಮರುದಿನದಿಂದಲೇ ಮಂದಿ ಶುರು. ಬೆಳಿಗ್ಗೆ ಓಣಿಯವರು, ಸಂಜೆ ಬಳಗದವರು. "ಅಲ್ಲಿ ಹುಳಾ ಹುರದ ತಿಂತಾರಂತಲ್ಲ, ಖರೇ ಏನ?" ಎಂಬ ಪ್ರಶ್ನೆ ಮೊದಲು ಬರುತ್ತಿತ್ತು. ಮದುವೆಯ ಮಾತು ಚಹದ ಜೊತೆ ಬರುತ್ತಿತ್ತು. ಕೊನೆಗೆ ಯಾರಾದರೂ ತಮ್ಮ ಮಗುವನ್ನು ಮುಂದಕ್ಕೆ ನೂಕಿ, "ಇದರ ಜೋಡಿ ಒಂದೀಟ ಇಂಗ್ಲಿಷಿನ್ಯಾಗ ಮಾತಾಡ ನೋಡೂಣ" ಎನ್ನುತ್ತಿದ್ದರು. ವರ್ಷವಿಡೀ ಮಕ್ಕಳಿಂದ ಇಂಗ್ಲಿಷ್ ಮಾತಾಡಿಸಿ ದಣಿದು ಬಂದವಳು, ಸಾಲಂಕೃತಳಾಗಿ ದಿವಾನಖಾನೆಯಲ್ಲಿ ಕೂತು ಮತ್ತೆ ಅದನ್ನೇ ಮಾಡುತ್ತಿದ್ದಳು. ರಜೆ ಮುಗಿದು ವಿಮಾನ ಹತ್ತಿದ ಮೇಲೆಯೇ ಅವಳಿಗೆ ಕಣ್ತುಂಬ ನಿದ್ದೆ.

ಈ ಮಾತನ್ನು ಅವಳು ಒಮ್ಮೆ ಲೂರ್ಡೆಸ್ ಮುಂದೆ ಹೇಳಿದಳು. ಲೂರ್ಡೆಸ್ ಫಿಲಿಪೀನ್ಸಿನವಳು, ಪಕ್ಕದ ತರಗತಿಯ ಹಿರಿಯ ಶಿಕ್ಷಕಿ. ಅವಳು ನಕ್ಕು, "ನಮ್ಮ ದ್ವೀಪದಲ್ಲೂ ಅದೇ ಕಥೆ. ಹೋದ ವರ್ಷ ನಾನು ಯಾರಿಗೂ ಹೇಳದೆ ನಮ್ಮೂರಿನ ಪಕ್ಕದ ಊರಲ್ಲಿ ಕೋಣೆ ಹಿಡಿದು ಮಲಗಿದೆ. ನಮ್ಮದೇ ಗಾಳಿ, ನಮ್ಮದೇ ಮೀನು. ನೆಂಟರು ಮಾತ್ರ ಇಲ್ಲ," ಎಂದಳು.

ಅದು ನೇತ್ರಾಳ ತಲೆಯಲ್ಲಿ ಕೂತುಬಿಟ್ಟಿತು. ಆ ಏಪ್ರಿಲ್‌ನಲ್ಲಿ ಅವ್ವನಿಗೆ ಫೋನ್ ಮಾಡಿ, ಪರೀಕ್ಷೆಯ ಕೆಲಸ ಉಳಿದಿದೆ, ಬರುವುದು ಒಂದು ವಾರ ತಡವಾಗುತ್ತದೆ ಎಂದು ಸುಳ್ಳು ಹೇಳಿದಳು. ಹೇಳುವಾಗ ನಾಲಗೆ ತಡವರಿಸಿತು. "ಆತ ಬಿಡು, ಆರಾಮ ಬಾ," ಎಂದಳು ಚಂದ್ರವ್ವ. ಆ ದನಿಯಲ್ಲಿ ಬೇಸರ ಕಾಣದ್ದು ನೇತ್ರಾಳಿಗೆ ತುಸು ಆಶ್ಚರ್ಯವೇ ಆಯಿತು.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿದವಳು ಓಢಣಿಯನ್ನು ತಲೆಯ ಮೇಲೆಳೆದುಕೊಂಡು ಟ್ಯಾಕ್ಸಿ ಹತ್ತಿದಳು. ಕಾರು ನಗರ ದಾಟುವಾಗ ಕಿಟಕಿಯಿಂದ ಮುಖ ತಿರುಗಿಸಿ ಕೂತಳು. ತನ್ನ ಊರಿನಲ್ಲೇ ಕಳ್ಳಿಯಂತೆ ಹೋಗುತ್ತಿದ್ದೇನಲ್ಲ ಎಂದು ನಗುವೂ ಬಂತು, ಅಳುಕೂ ಆಯಿತು.

ಬೆಳಗಾವಿಗೆ ಹತ್ತಿರದ ಖಾನಾಪುರದಲ್ಲಿ ಸುಹಾಸಿನಿ ಎಂಬಾಕೆ ತನ್ನ ಹೆಂಚಿನ ಮನೆಯ ಹಿಂಭಾಗದ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದಳು. ಅದರಲ್ಲೊಂದನ್ನು ನೇತ್ರಾ ಮೊದಲೇ ಗೊತ್ತುಮಾಡಿಕೊಂಡಿದ್ದಳು. ಮನೆಯಲ್ಲಿ ಮರಾಠಿ, ಬಾಗಿಲ ಹೊರಗೆ ಕನ್ನಡ. ಅತಿಥಿಯನ್ನು ಮಾತಿಗೆಳೆದು ಸತಾಯಿಸುವವಳಲ್ಲ. ಚಹ ಇಡುವಳು, ಹೋಗುವಳು. ಹಿತ್ತಲಲ್ಲಿ ಹಲಸಿನ ಮರ, ಅದರಾಚೆ ಗೇರು ಗಿಡಗಳು. ಆಗೊಮ್ಮೆ ಈಗೊಮ್ಮೆ ಲೋಂಡಾ ಕಡೆಗೆ ಹೋಗುವ ರೈಲಿನ ಸದ್ದು. ನೇತ್ರಾ ಮಲಗಿದಳು. ಎದ್ದು ಉಂಡು ಮತ್ತೆ ಮಲಗಿದಳು. ಬಿಸಿಲು ತಗ್ಗಿದ ಮೇಲೆ ಮಲಪ್ರಭೆಯ ದಂಡೆಗೆ ಹೋಗಿ ಬೇಸಿಗೆಗೆ ಸೊರಗಿದ ನೀರಲ್ಲಿ ಕಾಲಿಟ್ಟು ಕೂತಳು. ಯಾರೂ ಹುಳುವಿನ ಸುದ್ದಿ ಕೇಳಲಿಲ್ಲ.

ಸುಖ ಮೂರು ದಿನ ಬಾಳಿತು. ಪೇಟೆಯಲ್ಲಿ ಬುಟ್ಟಿಯಿಟ್ಟು ಕೂತವಳ ಹತ್ತಿರ ಕವಳಿ ಹಣ್ಣು ಕೊಳ್ಳುತ್ತಿದ್ದಾಗ ಬೆನ್ನ ಹಿಂದೆ ಪರಿಚಯದ ದನಿ ಕೇಳಿಸಿತು.

"ನೇತ್ರಾ? ಏ ನೇತ್ರಾ! ನೀ ಇಲ್ಲೇನ ಮಾಡಾಕತ್ತಿ?"

ಅವ್ವನ ಚಿಕ್ಕಪ್ಪನ ಮಗಳು ರೇಣವ್ವ. ಗಡಿಗೆ ಕೊಳ್ಳಲು ಬೆಳಗಾವಿಯಿಂದ ಬಂದಿದ್ದಳಂತೆ. ಖಾನಾಪುರದ ಮಣ್ಣಿನ ಗಡಿಗೆಯ ನೀರೇ ತಂಪು ಎಂದು ಅವಳ ಹಟ.

"ಚಿಗವ್ವಾ... ಸುಮ್ನ, ಹಿಂಗ... ಒಬ್ಬರನ್ನ ನೋಡಾಕ ಬಂದಿದ್ದೆ," ಎಂದಳು ನೇತ್ರಾ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು, ಅದೂ ಎಂಥ ದಡ್ಡ ಸುಳ್ಳು! ರೇಣವ್ವನ ಹುಬ್ಬು ಮೇಲೇರಿತು. "ಹೌದಾ, ಒಬ್ಬರನ್ನ!" ಎಂದು ಗಡಿಗೆ ಕಂಕುಳಿಗೆ ಏರಿಸಿಕೊಂಡು ಹೊರಟೇ ಹೋದಳು. ಮಧ್ಯಾಹ್ನದೊಳಗೆ ಅವ್ವನ ಫೋನ್ ಬಂತು.

"ಎಲ್ಲದೀ?"

"ಖಾನಾಪುರದಾಗ."

"ಯಾರ ಜೋಡಿ?"

"ಯಾರೂ ಇಲ್ಲವ್ವಾ. ಒಬ್ಬಾಕಿನ ಅದೀನಿ."

"ನೀ ಇಳಕೊಂಡ ಮನಿ ಎಲ್ಲಿ ಬರತೈತಿ ಹೇಳು," ಎಂದಳು ಚಂದ್ರವ್ವ. ಗುರುತು ಕೇಳಿಕೊಂಡು ಫೋನ್ ಇಟ್ಟಳು.

ಮರುದಿನ ನಾಷ್ಟಾದ ಹೊತ್ತಿಗೆ ಚಂದ್ರವ್ವ ಬಾಗಿಲಲ್ಲಿ ನಿಂತಿದ್ದಳು. ಬಸ್ಸಿನ ಧೂಳು ಮೆತ್ತಿದ ಇಳಕಲ್ ಸೀರೆ, ಕೈಯಲ್ಲಿ ಒಂದು ಚೀಲ. ಮಗ ಶಶಿಧರ ಕಾರಿನಲ್ಲಿ ಬಿಡುತ್ತೇನೆಂದರೂ ಒಲ್ಲೆನೆಂದು ಒಬ್ಬಳೇ ಬಂದಿದ್ದಳು. ಒಳಗೆ ಬಂದವಳು ಮಂಚ ನೋಡಿದಳು, ಕಿಟಕಿ ನೋಡಿದಳು, ಸ್ನಾನದ ಕೋಣೆಯ ಬಾಗಿಲು ತಳ್ಳಿ ನೋಡಿದಳು. ಖರೇನೇ ಬೇರೆ ಯಾರೂ ಇರಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತಳು.

"ನಮ್ಮನಿ ಬ್ಯಾಡಾತೇನ ನಿನಗ?"

ಬೈಗುಳಕ್ಕೆ ಸಿದ್ಧಳಾಗಿದ್ದ ನೇತ್ರಾಳಿಗೆ ಆ ಮೆತ್ತಗಿನ ಪ್ರಶ್ನೆ ತಡೆಯಲಾಗಲಿಲ್ಲ. "ಮನಿ ಬೇಕವ್ವಾ. ಮಂದಿ ಬ್ಯಾಡ. ದಣದ ಬಂದಿರ್ತೀನಿ. ಬಂದ ಕೂಡ್ಲೇ ನಕ್ಕೋತ ಕುಂದರೂದು ನನಗ ಆಗವಲ್ದು," ಎಂದಳು.

"ಅದನ್ನ ನನ್ನ ಮುಂದ ಹೇಳಾಕ ಏನ ಧಾಡಿ? ಪರೀಕ್ಷಾ ಅಂತ ಯಾಕ ಸುಳ್ಳ ಹೇಳ್ದಿ? ಆ ರೇಣವ್ವ ಏನೇನ ಅಂದ್ಲ ಗೊತ್ತೈತೇನ?"

"ನಿನಗ ಕೆಟ್ಟ ಅನಸ್ತದ ಅಂತ..."

"ಈಗ ಚೊಲೋ ಅನಸ್ತೇನ?"

ಅಷ್ಟರಲ್ಲಿ ಸುಹಾಸಿನಿ ತಟ್ಟೆಗಳನ್ನು ಹಿಡಿದು ಬಂದಳು. "ಬರ್ರಿ ಮಾವಶಿ, ಕುಂದರ್ರಿ. ಬಿಸಿ ಥಾಲಿಪೆಟ್ಟ ಅದಾವ, ಆರಿದ್ರ ಚಂದ ಅಲ್ಲ," ಎಂದು ಬೆಣ್ಣೆ ಹಾಕಿ ಮುಂದಿಟ್ಟಳು. ಬೇಡವೆನ್ನಲು ಹೋದ ಚಂದ್ರವ್ವ ತಟ್ಟೆ ಕೈಗೆ ತೆಗೆದುಕೊಂಡಳು. ಒಂದು ಚೂರು ಮುರಿದು ತಿಂದಳು. ಇನ್ನೊಂದು ಚೂರು. ತಟ್ಟೆ ಬರಿದಾಯಿತು. ಸುಹಾಸಿನಿ ಕೇಳದೆಯೇ ಮತ್ತೊಂದು ತಂದು ಹಾಕಿದಳು.

"ಕುಂತಲ್ಲೇ ಬಿಸೀದು ತಿಂದ ಯಾವ ಕಾಲಾತೋ," ಎಂದಳು ಚಂದ್ರವ್ವ, ಯಾರಿಗೂ ಅಲ್ಲವೆಂಬಂತೆ. ಆಮೇಲೆ ಮಗಳ ಕಡೆ ತಿರುಗಿದಳು. "ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ. ನೀ ತಡಾ ಆಗಿ ಬರ್ತೀನಿ ಅಂದಾಗ ನನಗ ಒಂದೀಟ ಹಗುರಾತು. ನೀ ಬರ್ತಿ ಅಂದ್ರ ಖುಷೀನ. ಆದರ ಬಂದವರಿಗೆಲ್ಲಾ ಚಹಾ, ಅವಲಕ್ಕಿ, ಕುಂದಾ ತರಸೂದು, ಊಟಕ್ಕ ನಿಲ್ಲಸ್ಕೊಳ್ಳೂದು... ನೀ ಹೊಳ್ಳಿ ಹೋದ ಮ್ಯಾಲ ನಾ ಎಂಟ ದಿನ ಹಾಸಿಗಿ ಹಿಡೀತೀನಿ. ಶಶಿಗೂ ಹೇಳಿಲ್ಲ."

ಇಷ್ಟು ವರ್ಷ ನೇತ್ರಾ ಆ ಗದ್ದಲವೇ ಅವ್ವನಿಗೆ ಸಂಭ್ರಮ ಎಂದುಕೊಂಡಿದ್ದಳು. ಅವ್ವನಿಗಾಗಿ ಎಂದೇ ಅದನ್ನೆಲ್ಲ ಸಹಿಸಿದ್ದಳು. ಅವ್ವ ಇವಳಿಗಾಗಿ ಸಹಿಸಿದ್ದಳು. ಇಬ್ಬರಿಗೂ ಬೇಡದ ಹಬ್ಬವನ್ನು ಇಬ್ಬರೂ ಸೇರಿ ವರ್ಷವರ್ಷವೂ ಮಾಡುತ್ತ ಬಂದಿದ್ದರು. ಮೊದಲು ನಕ್ಕವಳು ಯಾರೋ, ಕೊನೆಗೆ ಇಬ್ಬರಿಗೂ ಕಣ್ಣೊರೆಸಿಕೊಳ್ಳುವಷ್ಟು ನಗು.

"ಒಂದೀಟ ಅಡ್ಡಾಗ್ತೀನಿ," ಎಂದು ಮಲಗಿದ ಚಂದ್ರವ್ವ ಸಂಜೆಯವರೆಗೂ ಏಳಲಿಲ್ಲ. ಸುಹಾಸಿನಿ ಬಂದು ಇಣುಕಿ, "ಮಾವಶಿಗೆ ಆರಾಮ ಐತಿಲ್ರಿ?" ಎಂದು ಗಾಬರಿಯಿಂದ ಕೇಳಿದಳು. "ಈಗ ಆರಾಮ ಆಗಾಕತ್ತಾಳ್ರಿ," ಎಂದಳು ನೇತ್ರಾ.

ನಾಳೆ ಊರಿಗೆ ಹೋಗೋಣ ಎಂದ ಚಂದ್ರವ್ವ, ನಾಳೆ ಬಂದಾಗ ಮತ್ತೆ ನಾಳೆ ಎಂದಳು. ಸೊಸೆ ಸಮೃದ್ಧಿಗೆ ಫೋನ್ ಮಾಡಿ, "ನೀವಿಬ್ರೂ ನಿಮಗ ಬೇಕಾದ್ದ ಮಾಡ್ಕೊಂಡ ಉಣ್ರಿ," ಎಂದು ಅಪ್ಪಣೆ ಕೊಟ್ಟಳು. ತಾಯಿ ಮಗಳು ಆಟೋದಲ್ಲಿ ಹತ್ತಿರದ ಅಸೋಗಾ ಎಂಬ ಹಳ್ಳಿಗೆ ಹೋದರು. ಅಲ್ಲಿನ ಗುಡಿಯ ರಾಮಲಿಂಗನಿಗೆ ಕೈಮುಗಿದು ಹೊಳೆಯ ಬಂಡೆಯ ಮೇಲೆ ಕೂತಾಗ ಚಂದ್ರವ್ವ ಕೇಳಿದಳು, "ಅಲ್ಲಿ ಸಂಜಿ ಆದ್ರ ಏನ ಮಾಡ್ತಿ?"

ಈ ಪ್ರಶ್ನೆಯನ್ನು ಅಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಶಾಲೆ ಬಿಟ್ಟ ಮೇಲೆ ಕೆರೆಯ ಸುತ್ತ ನಡೆಯುವುದನ್ನು ಹೇಳಿದಳು. ರಸ್ತೆಯಂಚಿನ ಗಾಡಿಯ ಮುದುಕಿ ತನಗೆಂದೇ ಮೀನಿನ ರಸ ಬೆರೆಸದೆ ಪಪ್ಪಾಯಿ ಕೋಸಂಬರಿ ಮಾಡಿಕೊಡುವುದನ್ನು ಹೇಳಿದಳು. ಮಳೆಗಾಲದಲ್ಲಿ ಕೆಲವು ಸಂಜೆ ಮನಸ್ಸು ತೀರ ಭಣಭಣವಾಗುವುದನ್ನೂ ಮುಚ್ಚಿಡಲಿಲ್ಲ. ಆದರೂ ಆ ಮಕ್ಕಳನ್ನು ಬಿಟ್ಟು ಬರಲು ಮನಸ್ಸಿಲ್ಲ ಎಂದಳು.

"ಮನಸಿಲ್ಲಂದ್ರ ಇರು," ಎಂದಳು ಚಂದ್ರವ್ವ. "ನಿಮ್ಮಪ್ಪ ಇದ್ದಿದ್ರೂ ಇದನ್ನ ಅಂತಿದ್ದ. ಆದರ ಭಣಭಣ ಅನಸಿದ್ ದಿನ ಫೋನ್ ಮಾಡು. ಪರೀಕ್ಷಾ ಗಿರೀಕ್ಷಾ ಅನಬ್ಯಾಡ."

ವಾರ ತುಂಬಿದ ಮೇಲೆ ಇಬ್ಬರೂ ಬಸ್ಸಿನಲ್ಲಿ ಬೆಳಗಾವಿಗೆ ಬಂದರು. ಸುದ್ದಿ ಅವರಿಗಿಂತ ಮೊದಲೇ ಟಿಳಕವಾಡಿ ಮುಟ್ಟಿತ್ತು. ಅದನ್ನು ಮುಟ್ಟಿಸಿದ ರೇಣವ್ವನೇ ಮೊದಲು ಬಂದು ಬಾಗಿಲು ಬಡಿದಳು. ಚಂದ್ರವ್ವ ಹೊಸ್ತಿಲಲ್ಲೇ ನಿಂತು, "ನೇತ್ರಾ ಮಲಗ್ಯಾಳವಾ. ಐತಾರ ಬಾ, ಎಲ್ಲಾರನ್ನೂ ಐತಾರನ ಕರದೀನಿ," ಎಂದಳು. ರೇಣವ್ವ ಬಂದ ದಾರಿಯಲ್ಲೇ ಹೊರಳಿ ಹೋದಳು.

ಭಾನುವಾರ ಬಂದವರಿಗೆ ಕೂರಲು ಕುರ್ಚಿ ಸಾಲಲಿಲ್ಲ. ಉಪ್ಪಿಟ್ಟು, ಶಿರಾ ಖಾನಾವಳಿಯಿಂದ ಬಂದಿದ್ದವು. ಶಶಿಧರ ಬಡಿಸಿದ, ಸಮೃದ್ಧಿ ಚಹ ಕೊಟ್ಟಳು. ಒಂದಿಬ್ಬರು ಮುಖ ಊದಿಸಿಕೊಂಡರು, ಉಪ್ಪಿಟ್ಟು ತಿಂದ ಮೇಲೆ ಸರಿಹೋದರು. ಚಂದ್ರವ್ವ ಜಮಖಾನೆಯ ಮೇಲೆ ಎಲ್ಲರ ನಡುವೆ ಕೂತು, ಕಾಲು ಚಾಚಿ, ಅಸೋಗಾದ ಹೊಳೆಯ ಸುದ್ದಿ ಹೇಳುತ್ತಿದ್ದಳು. ತನ್ನ ಮನೆಗೆ ಬಂದ ಮಂದಿಯ ಜೊತೆ ಅವಳು ಹಾಗೆ ಕೂತು ಹರಟಿದ್ದನ್ನು ನೇತ್ರಾ ನೋಡಿದ್ದು ಅದೇ ಮೊದಲು.