ಮೊದಲು ಕರುವಿಗೆ!

ಎರಡು ವರ್ಷದ ಹಿಂದಿನ ಮಾತು. ಆಗ ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿಯ ಕೊನೇ ವರ್ಷ ಓದುತ್ತಿದ್ದೆ. ಗರ್ಭ ಕಟ್ಟಿದ ದಿನದಿಂದ ಹಿಡಿದು ಮಗುವಿನ ಬೆಳವಣಿಗೆ, ಆರೈಕೆ ನನ್ನ ವಿಷಯ. ಬಸುರಿ ಅಕ್ಕನಿಗೆ ಫೋನಿನಲ್ಲೇ ಪಾಠ ಮಾಡಿ ಮಾಡಿ ಭಾವನಿಂದ "ಡಾಕ್ಟ್ರಮ್ಮ" ಎಂದು ಅನ್ನಿಸಿಕೊಂಡಿದ್ದೆ.

ಅಕ್ಕನಿಗೆ ದಾವಣಗೆರೆಯ ಆಸ್ಪತ್ರೆಯಲ್ಲೇ ಹೆಣ್ಣುಮಗುವಾಯಿತು. ಕ್ಲಾಸಿಗೆ ಚಕ್ಕರ್ ಹಾಕಿ ಓಡಿದೆ. ನೋಡಿದರೆ ಅವ್ವನ ತಾಯಿ, ನಮ್ಮ ಕೊಂಡಜ್ಜಿ ಊರಿನ ಅಜ್ಜಿ, ಜೇನುತುಪ್ಪದ ಬಾಟಲಿ ಹಿಡಿದು ಮಂಚದ ಪಕ್ಕ ಠಿಕಾಣಿ ಹೂಡಿದ್ದಾಳೆ! ಮಗುವಿಗೆ ಕೂಡಲೇ ಎದೆಹಾಲು ಕುಡಿಸಿ ಎಂದು ಸಿಸ್ಟರ್ ಹೇಳಿ ಹೋಗಿದ್ದರಂತೆ. ಅಜ್ಜಿ ಬಿಡಬೇಕಲ್ಲ!

"ಹಳದಿ ಹಾಲು ಕೆಟ್ಟದ್ದು ಕಣವ್ವ. ಮೂರು ದಿನ ಹಿಂಡಿ ಚೆಲ್ಲಬೇಕು. ಅಲ್ಲೀತನ ಜೇನುತುಪ್ಪ ನೆಕ್ಸಿದ್ರೆ ಸಾಕು."

"ಅಯ್ಯೋ ಅಜ್ಜಿ, ಅದರಾಗೆ ರೋಗನಿರೋಧಕ ಶಕ್ತಿ ಇರ್ತೈತೆ!"

"ಬಾಣಂತಿ ಮುಂದೆ ರೋಗ ಗೀಗ ಅಂತ ಬಾಯಿ ಬಿಡಬ್ಯಾಡ. ಬಿಡ್ತು ಅನ್ನು!"

ನಾನು ಓದಿದ್ದನ್ನೆಲ್ಲ ಒದರಿದೆ. ಅಜ್ಜಿ ಜಪ್ಪಯ್ಯ ಅನ್ನಲಿಲ್ಲ. ಕೂಸು ಕೆಂಪಗಾಗಿ ಅಳುತ್ತಿತ್ತು. ಅಜ್ಜಿಗೆ ಎದುರಾಡಲಾಗದೆ ಅಕ್ಕನ ಕಣ್ಣಲ್ಲೂ ನೀರು. ಅಜ್ಜಿ ಬಾಟಲಿಯ ಮುಚ್ಚಳ ತೆಗೆದೇಬಿಟ್ಟಳು.

ಅಷ್ಟರಲ್ಲಿ ಅಜ್ಜಿಗೆ ಊರಿನಿಂದ ಮಾವನ ಫೋನು. ಮನೆಯ ಎಮ್ಮೆ ಈದಿತ್ತು, ಪಕ್ಕದ ಮನೆಯವರು ಗಿಣ್ಣಕ್ಕೆ ಹಾಲು ಕೇಳುತ್ತಿದ್ದರು. ಅಜ್ಜಿ ವಾರ್ಡೇ ಬೆಚ್ಚಿಬೀಳುವಂತೆ ಕೂಗಿದಳು:

"ಯಾರಿಗೂ ಕೊಡಬ್ಯಾಡ! ಮೊದ್ಲು ಕರುಗೆ ಹೊಟ್ಟೆ ತುಂಬ ಕುಡಿಸೋ. ಗಿಣ್ಣದ ಹಾಲು ಇಲ್ದೆ ಕರು ಎದ್ದು ನಿಲ್ತೈತೇನೋ ಮಬ್ಬ!"

ನನಗೆ ತಟ್ಟನೆ ಹೊಳೆಯಿತು. "ಅಜ್ಜಿ, ಅಕ್ಕಂದೂ ಗಿಣ್ಣದ ಹಾಲೇ ಕಣಜ್ಜಿ!" ಎಂದು ಕಿರುಚಿದೆ.

ಅಜ್ಜಿ ಫೋನು ಕಿವಿಗಿಟ್ಟುಕೊಂಡೇ ನನ್ನನ್ನು ನೋಡಿದಳು. ಆಮೇಲೆ ಕೂಸನ್ನು ನೋಡಿದಳು. ಬಾಟಲಿಗೆ ಮುಚ್ಚಳ ಹಾಕಿ ನನ್ನ ತಲೆಗೊಂದು ಮೊಟಕಿದಳು.

"ಇಷ್ಟೊತ್ತು ಅದೇನೋ ಶಕ್ತಿ ಗಿಕ್ತಿ ಅಂತ ಬಡ್ಕೊಂಡಿ. ಗಿಣ್ಣ ಅಂತ ಮೊದ್ಲೇ ಬೊಗಳಾಕ ಏನಾಗಿತ್ತೇ ನಿಂಗೆ?"

ತಾನೇ ಕೂಸನ್ನೆತ್ತಿ ಅಕ್ಕನ ಎದೆಗೆ ಹಚ್ಚಿದಳು. ಎರಡು ಸಲ ತಡಕಾಡಿ ಕೂಸು ಹಿಡಿದೇಬಿಟ್ಟಿತು. ಅಳು ಗಪ್‌ಚಿಪ್! ಅಕ್ಕ ಅಳುತ್ತಲೇ ನಕ್ಕಳು. ನನಗಂತೂ ಕುಣಿಯುವಷ್ಟು ಖುಷಿ. ಅಜ್ಜಿ ಅಷ್ಟಕ್ಕೇ ನಿಲ್ಲುತ್ತಾಳೆಯೇ? ಪಕ್ಕದ ಮಂಚದವರಿಗೂ ಶುರು ಹಚ್ಚಿಕೊಂಡಳು: "ಚೆಲ್ಲಬ್ಯಾಡ್ರಿ ಯವ್ವಾ, ಅದು ಗಿಣ್ಣ ಐತೆ!"

ಸಂಜೆ ಹರಿಹರದಿಂದ ಅವ್ವ ಬಂದಳು. ಅಜ್ಜಿ ಅವಳ ಕೈ ಹಿಡಿದು ಮೆಲ್ಲಗೆ ಹೇಳಿದಳು: "ನಿಂಗೆ ಕುಡಿಸ್ಲೇ ಇಲ್ಲ ಕಣೇ ನಾನು. ಎಲ್ಲ ಚೆಲ್ಲಿಬಿಟ್ಟೆ."

ಅವ್ವ ಮಂಡಿ ನೀವಿಕೊಳ್ಳುತ್ತ, "ಅದಕ್ಕಾ ಮತ್ತೆ, ನನ್ನ ಮಂಡಿ ಹಿಂಗೆ ನೋಯೋದು!" ಎಂದಳು. ಅಜ್ಜಿ ಕಣ್ಣೊರೆಸಿಕೊಂಡು ಬಿದ್ದು ಬಿದ್ದು ನಕ್ಕಳು.

ಪರೀಕ್ಷೆಯಲ್ಲಿ ಒಳ್ಳೇ ಅಂಕವೇ ಬಂತು. ಆದರೆ ನಾನು ಓದಿದ್ದು ಒಂದು ಜೀವದ ಹೊಟ್ಟೆ ತುಂಬಿಸಿದ್ದು ಆ ದಿನ. ಅದನ್ನು ನೆನೆದಾಗಲೆಲ್ಲ ಅಜ್ಜಿ ಮೊಟಕಿದ ತಲೆಯನ್ನು ಹೆಮ್ಮೆಯಿಂದ ಸವರಿಕೊಳ್ಳುತ್ತೇನೆ.