ಆನೆ ಮುಟ್ಟದ ರಾಗಿ

ನನ್ನ ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ನನಗೆ ತಿಳಿಯುವುದು ತಂಗಿಯ ಮನೆಯ ಸಾರು ತಿಂದ ಮೇಲೆಯೇ. ನಾನು ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟೆ, ಅವಳು ಹತ್ತು ಪಾಸಾದಳು. ಅವ್ವ ನನ್ನನ್ನು ಬೈಯುವಾಗೆಲ್ಲ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಬೈಯುತ್ತಿದ್ದಳು. ಮದುವೆಯಾದರೆ ಈ ಕಾಟ ತಪ್ಪುತ್ತದೆ ಎಂದುಕೊಂಡೆ. ನನ್ನನ್ನು ಕೊಟ್ಟ ಮನೆಗೇ, ನನ್ನ ಗಂಡನ ತಮ್ಮನಿಗೇ, ಅವಳನ್ನೂ ಕೊಟ್ಟರು. ಅಕ್ಕತಂಗಿ ವಾರಗಿತ್ತಿಯರಾದರೆ ಮನೆ ಒಡೆಯುವುದಿಲ್ಲ ಎಂದು ನಮ್ಮ ಕಡೆ ಹಿರಿಯರ ನಂಬಿಕೆ. ಮನೆ ಒಡೆಯಿತು, ನಡುವೆ ಗೋಡೆ ಬಂತು. ಹೊಲ ಒಡೆಯಿತು, ನಡುವೆ ಬದು ಬಂತು. ಗೋಡೆಯನ್ನು ಮಾತ್ರ ಇಣುಕಿ ನೋಡುವಷ್ಟೇ, ಸಾರಿನ ಬಟ್ಟಲು ದಾಟಿಸುವಷ್ಟೇ ಎತ್ತರ ಕಟ್ಟಿದರು. ಯಾರ ಪುಣ್ಯವೋ.

ನಮ್ಮ ಹೊಲ ಇರುವುದು ಜೀರಹಳ್ಳಿಯ ಕಾಡಿನ ಅಂಚಿನಲ್ಲಿ. ಮೊದಲೆಲ್ಲ ರಾಗಿ ತೆನೆಗೆ ಬಂದರೆ ಗಂಡಸರು ಅಟ್ಟಣೆ ಹತ್ತಿ ತಮಟೆ ಬಡಿದು ಆನೆ ಕಾಯುತ್ತಿದ್ದರು. ಸೋಲಾರ್ ಬೇಲಿ ಬಂದ ಮೇಲೆ ಮನೆಯಲ್ಲಿ ಮಲಗುವುದನ್ನು ಕಲಿತರು. ಆದರೆ ಬೇಲಿಯ ಮೇಲೆ ಒಂದು ಕೊಂಬೆ ಬಿದ್ದು ತಂತಿ ನೆಲಕ್ಕೆ ತಾಗಿತೋ, ಕರೆಂಟೆಲ್ಲ ಮಣ್ಣುಪಾಲು. ಆಮೇಲೆ ಆ ಬೇಲಿ ಬಟ್ಟೆ ಒಣಗಿಸುವುದಕ್ಕಷ್ಟೇ ಲಾಯಕ್ಕು. ಅದಕ್ಕೇ ಸಂಜೆ ಹೊಲದ ಕಡೆ ಹೋದವರು ಬೇಲಿಯ ಮೇಲೆ ಒಂದು ಕಣ್ಣು ಹಾಯಿಸಬೇಕು. ಯಾರ ಪಾಲಿನದಾದರೂ ಸರಿ, ಕೆಟ್ಟಿದ್ದರೆ ಕೂಗಿ ಹೇಳಬೇಕು. ಇದು ಮಕ್ಕಳಿಗೂ ಗೊತ್ತಿರುವ ಕಟ್ಟಳೆ.

ಹೋದ ವರ್ಷ ನಾನೂ ತಂಗಿಯೂ ಒಂದೇ ಚೀಲದ ಬೀಜ ಬಿತ್ತಿದ್ದೆವು. ಮಳೆಯೂ ಬದು ನೋಡಿ ಬೀಳಲಿಲ್ಲ. ಆದರೂ ಅವಳ ರಾಗಿ ಸೊಂಟ ಮುಟ್ಟಿ ತಲೆ ಬಗ್ಗಿಸಿ ನಿಂತಿತ್ತು. ಒಂದು ದಿನ ನನ್ನ ಗಂಡ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತ ಅತ್ತ ಕಡೆಯೇ ನೋಡುತ್ತಿದ್ದ.

“ನಿನ್ ತಂಗಿ ರಾಗಿ ನೋಡಮ್ಮಿ. ತೆನ ಒಂದೊಂದೂ ಮಗಿನ ಮುಷ್ಟಿ ಇದ್ದಂಗದ.”

“ಯಾಕ, ನಮ್ಮದ್ಕೇನಾಗದ?”

“ಏನೂ ಆಗಿಲ್ಲ ಬುಡು. ನಮ್ಮದೂ ರಾಗಿನೆ.”

ಇದಕ್ಕಿಂತ ಅವನು ಎರಡು ಬಾರಿಸಿದ್ದರೂ ಪರವಾಗಿರಲಿಲ್ಲ.

ಅದೇ ಸಂಜೆ ಹುಲ್ಲು ಕೊಯ್ಯಲು ಹೋದಾಗ ನೋಡಿದೆ. ಅವಳ ಪಾಲಿನ ಬೇಲಿಯ ಮೇಲೆ ಒಣಗಿದ ಕೊಂಬೆಯೊಂದು ಬಿದ್ದು ತಂತಿ ನೆಲ ಮುಟ್ಟಿತ್ತು. ಒಂದು ಕೋಲಿನಿಂದ ತಳ್ಳಿದರೆ ಸಾಕಿತ್ತು. ನಾನು ಹುಲ್ಲು ಕೊಯ್ದೆ. ಹೊರೆ ಕಟ್ಟಿದೆ. ಇನ್ನೊಂದು ಸಲ ಕೊಂಬೆಯನ್ನು ನೋಡಿದೆ. ಮನೆಗೆ ಬಂದೆ. ಬೇಲಿ ಇಬ್ಬರಿಗೂ ಒಂದೇ, ಆನೆ ಬಂದರೆ ನನ್ನದೂ ಹೋಗುತ್ತದೆ ಎನ್ನುವಷ್ಟು ಬುದ್ಧಿ ಆಗ ಹೊಳೆಯಲಿಲ್ಲ. ಹೊಟ್ಟೆಕಿಚ್ಚಿನ ಜೊತೆ ಬುದ್ಧಿಯೂ ಒಂದಿಷ್ಟು ಬರುವಂತಿದ್ದರೆ ನಾನು ಇಷ್ಟು ಹೊತ್ತಿಗೆ ಕಲೆಕ್ಟರ್ ಆಗಿರುತ್ತಿದ್ದೆ.

ತಂಗಿ ಅಂದು ಬೆಳಗ್ಗೆಯೇ ತಾಳವಾಡಿಗೆ ಹೋದವಳು ಕತ್ತಲಾಗುವ ಹೊತ್ತಿಗೆ ಬಂದಳು. ಬಂದವಳೇ ಗೋಡೆಯ ಆಚೆಯಿಂದ ಕೇಳಿದಳು.

“ಅಕ್ಕ, ಒಲದ ತಾವ ಓಗಿದ್ಯಾ? ಬೇಲಿ ಸರಿಯಾಗದಾ?”

“ಊಂ ಕಣವ್ವ, ಸರಿಯಾಗದ.”

ಕೊಂಬೆಯನ್ನು ಕಾಣಲಿಲ್ಲ ಎಂದು ಇವತ್ತಿಗೂ ನನಗೆ ನಾನೇ ಸಬೂಬು ಹೇಳಿಕೊಳ್ಳಬಹುದಿತ್ತು. ಈ ಮಾತು ಅದಕ್ಕೆ ಜಾಗ ಬಿಡಲಿಲ್ಲ.

ಬೆಳಗಾಗುವಷ್ಟರಲ್ಲಿ ಆನೆಗಳು ಬಂದು ಊಟ ಮುಗಿಸಿ ಹೋಗಿದ್ದವು. ಅವಳ ಹೊಲ ಎಮ್ಮೆ ಹೊರಳಾಡಿದ ಕೆರೆಯಂಗಳದಂತಿತ್ತು. ನನ್ನ ಹೊಲದ ಅಂಚಿನಲ್ಲಿ ಒಂದೇ ಹೆಜ್ಜೆ. ಅದರ ಪಕ್ಕದಲ್ಲಿ ಬೇರು ಸಮೇತ ಕಿತ್ತ ಒಂದು ಹಿಡಿ ರಾಗಿ, ತೆನೆ ಹಾಗೇ ಇತ್ತು. ನೋಡಲು ಬಂದಿದ್ದ ಫಾರೆಸ್ಟ್ ವಾಚರ್ ಅದನ್ನು ಕಾಲಲ್ಲಿ ತಿರುವಿ ನಕ್ಕ.

“ಕಿತ್ತು ನೋಡಿ ಬುಸಾಕಿ ಓಗದ ಕಣಕ್ಕ. ನಿಮ್ಮದು ಇಡಿಸಿಲ್ಲ.”

ದೇವರಾಣೆಗೂ ಹೇಳುತ್ತೇನೆ, ತಂಗಿಯ ಹೊಲ ಹಾಳಾಗಿದ್ದಕ್ಕಿಂತ ಮೊದಲು ನನ್ನ ತಲೆಗೆ ಹತ್ತಿದ್ದು ಆ ಅವಮಾನ. ಒಂದೇ ಚೀಲದ ಬೀಜ, ಏನು ಕಮ್ಮಿಯಾಗಿತ್ತು ಅದಕ್ಕೆ? ಗಂಡ ಹೇಳಿದ್ದನ್ನು ಆನೆಯೂ ಹೇಳಿ ಹೋಗಿತ್ತು.

ಅಷ್ಟರಲ್ಲಿ ತಂಗಿ ಓಡಿಬಂದಳು. ಅವಳು ತನ್ನ ಹೊಲದ ಕಡೆ ತಿರುಗಲಿಲ್ಲ. ನೇರ ನನ್ನ ಹೊಲಕ್ಕೆ ಬಂದು ಈ ತುದಿಯಿಂದ ಆ ತುದಿಗೆ ನಡೆದು ನೋಡಿದಳು. ಆಮೇಲೆ ಏದುಸಿರು ಬಿಡುತ್ತ ನನ್ನ ಕೈ ಹಿಡಿದಳು.

“ನಿಂದು ಉಳ್ಕತು ಬುಡಕ್ಕ.”

ಆ ಕೈಯನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ನನ್ನ ರಾಗಿ ಕೊಯ್ದು ಬಡಿದು ತೂರಿದ ಮೇಲೆ ಅರ್ಧ ಮೂಟೆ ಕಟ್ಟಿ, ಹೊತ್ತುಕೊಂಡು ಅವಳ ಜಗಲಿಯ ಮೇಲೆ ಇಳಿಸಿದೆ. ಇಳಿಸಿ, ಅವಳ ಮುಖ ನೋಡದೆ ಕೊಂಬೆಯ ವಿಷಯ ಹೇಳಿಬಿಟ್ಟೆ. ಗಂಡನ ಮಾತು, ಹುಲ್ಲಿನ ಹೊರೆ, ‘ಸರಿಯಾಗದ’ ಎಂದ ಸುಳ್ಳು, ಎಲ್ಲವನ್ನೂ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಮೊರ ಖಾಲಿಯಾಗುವವರೆಗೂ ಬಿಡಿಸುತ್ತಲೇ ಇದ್ದಳು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಕೊನೆಗೆ ಎದ್ದು ಮೂಟೆಯ ಬಾಯಿ ಬಿಚ್ಚಿ, ಒಂದು ಹಿಡಿ ರಾಗಿ ತೆಗೆದು ಅಂಗೈಯಲ್ಲಿ ಆಡಿಸಿದಳು.

“ಆನ ಒಲ್ಲೆ ಅಂದ ರಾಗಿಯ ನಾ ತಿನ್ಬೇಕಾ?”

ಕಣ್ಣಲ್ಲಿ ನೀರಿತ್ತು, ತುಟಿಯ ಮೂಲೆಯಲ್ಲಿ ನಗುವೂ ಇತ್ತು. ಯಾವುದನ್ನು ನಂಬಬೇಕೋ ಗೊತ್ತಾಗದೆ ಎದ್ದು ಬಂದೆ.

ಮೂಟೆ ವಾಪಸು ಬರಲಿಲ್ಲ. ಸಾರಿನ ಬಟ್ಟಲು ಗೋಡೆ ದಾಟುವುದು ಮಾತ್ರ ನಿಂತಿದೆ. ನಾನು ಮಾಡುವ ಸಾರಿಗೆ ಉಪ್ಪು ಹೆಚ್ಚೋ ಕಮ್ಮಿಯೋ ಈಗ ನನಗೆ ತಿಳಿಯುತ್ತಿಲ್ಲ. ಇಷ್ಟಾದರೂ ಮುದ್ದೆ ಮುರಿಯುವಾಗೆಲ್ಲ ಒಂದೇ ಯೋಚನೆ: ಅವಳ ರಾಗಿ ನಿಜಕ್ಕೂ ಅಷ್ಟು ರುಚಿಯಾಗಿತ್ತೇ? ತಿಂದವರನ್ನು ಕೇಳೋಣವೆಂದರೆ ಅವರು ಕಾಡಿನಲ್ಲಿದ್ದಾರೆ.